ಅರ್ಧ ಕ್ರೆಡಿಟ್

ಎರಡು ಕೇಳಿದ್ದೆ. ಅರ್ಧ ಕೊಟ್ಟರು.
ಅಕಾಡೆಮಿಕ್ ಕೌನ್ಸಿಲ್ಲಿನ ಉದ್ದ ಮೇಜು,
ಗೋಳಿಬಜೆ ತಣ್ಣಗಾಗುತ್ತ ಬಂದ ಹೊತ್ತು.
"ಲೈಬ್ರರಿಯಲ್ಲಿ ಕಲಿಸುವುದು ಎಂತ ಉಂಟು ಮಾರಾಯ್ರೆ,
ಹುಡುಕಲಿಕ್ಕೆ ಫೋನು ಇಲ್ವಾ?"
ಎಂದರು ಕಾಮರ್ಸಿನ ಹರಿಣಾಕ್ಷ ಸರ್,
ನಗುತ್ತಲೇ, ಕೆಡುಕಿಲ್ಲದೆ.
ಹುಡುಕುವುದಲ್ಲ ಸರ್, ಸಿಕ್ಕಿದ ಮೇಲೆ
ಒಂದು ಗಳಿಗೆ ನಿಲ್ಲುವುದು, ಎಂದೆ.
ಮಿನಿಟ್ಸ್ ಬರೆಯುವವರು ಅದನ್ನು ಬರೆದುಕೊಳ್ಳಲಿಲ್ಲ.

ಹಾಗೆ ಸಿಕ್ಕಿತು
ಶನಿವಾರದ ಕೊನೆಯ ಪೀರಿಯೆಡ್.
ಮಲ್ಪೆ ಬಸ್ಸು ಹನ್ನೆರಡೂ ಐವತ್ತಕ್ಕೆ;
ಬ್ಯಾಗು ಹೆಗಲಿಗೇರಿಸಿಯೇ ಕೂತ ನಲವತ್ತೊಂದು ಮಂದಿ,
ಪರೀಕ್ಷೆ ಇಲ್ಲವೆಂದು ಗೊತ್ತಿದ್ದವರು.

ಮೊದಲ ವಾರ
ಪುಸ್ತಕದ ಬೆನ್ನ ಮೇಲಿನ ಸಂಖ್ಯೆ ಓದಿಸಿದೆ.
ಆಕಳಿಕೆ.
ಎರಡನೇ ವಾರ, ಅಡಿಟಿಪ್ಪಣಿಯೆಂದರೆ
ಬಾವಿಗಿಳಿಸಿದ ಹಗ್ಗ, ಎಂದೇನೋ ಹೇಳಿ
ನನಗೇ ನಾಚಿಕೆಯಾಯಿತು.
ಮೂರನೇ ವಾರ ಸುಮ್ಮನೆ ಕೇಳಿದೆ:
ನಿಮ್ಮ ಮನೆಗೆ ಬಂದ ಒಂದು ಮಾತು ತನ್ನಿ,
ಅದರ ಮನೆ ಯಾವುದೆಂದು ನೋಡುವ.

ವಿನಿಲ್ಡಾ ತಂದಳು:
ಪೇರಳೆ ಎಲೆಯ ಕಷಾಯಕ್ಕೆ ಸಕ್ಕರೆ ಕಾಯಿಲೆ ಮಾಯ.
ಅಲ್ತಾಫ್ ತಂದ:
ಬಂದರಿನಲ್ಲಿ ಎರಡು ಸಾವಿರ ಕೆಲಸ, ನೋಂದಣಿಗೆ ಬರೀ ಇನ್ನೂರು.
ಧನ್ಯಶ್ರೀ ತಿಂಗಳಾಯ ಏನೂ ತಂದಿರಲಿಲ್ಲ.
ಎಲ್ಲರೂ ಎದ್ದ ಮೇಲೆ ಫೋನು ಮುಂದೆ ಹಿಡಿದಳು:
ಐಸಿನ ಮೇಲೆ ಬಿಳಿ ಹೊಟ್ಟೆ ತೋರಿ ಮಲಗಿದ ಮೀನಿನ ರಾಶಿ,
ಕೈಗವಸು ತೊಟ್ಟ ಯಾರದೋ ಕೈ, ಬಾಟಲಿ,
ಕೆಂಪಕ್ಷರ: ಮಲ್ಪೆ ಮೀನಿಗೆ ವಿಷ. ಎಲ್ಲರಿಗೂ ಕಳಿಸಿ.
"ಅಮ್ಮ ಬುಟ್ಟಿ ಹಾಗೇ ವಾಪಸು ತರ್ತಿದ್ದಾರೆ ಮೇಡಂ.
ಐದು ದಿನ ಆಯ್ತು."

ಹನ್ನೆರಡೂ ಐವತ್ತರ ಬಸ್ಸು ಹೋಯಿತು.
ಚಿತ್ರವನ್ನೇ ಪ್ರಶ್ನೆಯಾಗಿಟ್ಟು ಹುಡುಕಿದೆವು.
ಲೇಬಲ್ಲಿನ ಲಿಪಿ ನಮ್ಮದಲ್ಲ, ಕಂಡದ್ದು ಅವಳೇ.
ಹಿಂದೆ ಮಸುಕಾಗಿ ನಿಂತ ದೋಣಿಯ ಮೂತಿ ನೋಡಿ
"ಇದು ನಮ್ಮ ಕಡೆಯ ಬೋಟಲ್ಲ" ಎಂದಳು,
ನನ್ನ ಯಾವ ಕಪಾಟಿನಲ್ಲೂ ಇಲ್ಲದ ಖಾತ್ರಿಯಿಂದ.
ಕೊನೆಗೆ ಸಿಕ್ಕಿತು. ಏಳು ವರ್ಷ ಹಳತು,
ಬೇರೆ ಸಮುದ್ರ, ಬೇರೆ ಭಾಷೆ.
ವಿಷ ಹಾಕುವ ಕೈಯೂ ಅಲ್ಲ ಅದು,
ವಿಷ ಉಂಟೋ ಎಂದು ಪರೀಕ್ಷಿಸುವ
ಯಾರೋ ಹುಡುಗಿಯ ಕೈ.

"ಏಲಂ ಕೂಗುವವರು ಏನೇ ಕೂಗಲಿ,
ಅಮ್ಮ ಬಂಗುಡೆಯ ಕಿವಿರು ಎತ್ತಿ ನೋಡದೆ ದುಡ್ಡು ಬಿಚ್ಚುವುದಿಲ್ಲ.
ಇದನ್ನು ಯಾಕೆ ಮೇಡಂ ಯಾರೂ ಎತ್ತಿ ನೋಡಲಿಲ್ಲ?"

ನಾನು ಕಿಟಕಿ ಮುಚ್ಚಲು ಎದ್ದೆ.
ಭಾನುವಾರ ಬೆಳಿಗ್ಗೆ, ಚಹಾ ಆರುವ ಮೊದಲು,
ಅದೇ ಕೆಂಪಕ್ಷರವನ್ನು ಸ್ಟಾಫ್ ಗ್ರೂಪಿಗೆ
ಕಳಿಸಿದ್ದು ನಾನು,
ಕೈಮುಗಿದ ಗುರುತೊಂದನ್ನು ಜೊತೆಗಿಟ್ಟು.
ಇಪ್ಪತ್ತಾರು ವರ್ಷ ಪುಸ್ತಕಗಳಿಗೆ ಜಾಗ ಹುಡುಕಿಕೊಟ್ಟ ಬೆರಳು.

ಆ ದಿನ ಹೇಳಲಾಗಲಿಲ್ಲ.
ಮುಂದಿನ ಶನಿವಾರ ಹೇಳಿದೆ, ಎಲ್ಲರ ಮುಂದೆ, ನಿಂತುಕೊಂಡು.
ಯಾರೂ ನಗಲಿಲ್ಲ.
ಧನ್ಯಶ್ರೀ ಮೇಜಿನ ಗೀರೊಂದನ್ನು ಉಗುರಿನಿಂದ ಕೆರೆಯುತ್ತಿದ್ದಳು.
ತುಂಬ ಹೊತ್ತಿನ ಮೇಲೆ ಅಲ್ತಾಫ್ ಅಂದ:
"ಆ ಇನ್ನೂರು ನಾನು ಕಟ್ಟಿಯಾಗಿತ್ತು ಮೇಡಂ."
ಆಮೇಲೆ ಒಬ್ಬೊಬ್ಬರ ಹೆಗಲಿಂದ
ಬ್ಯಾಗು ಕೆಳಗಿಳಿಯಿತು.

ಗ್ರೂಪಿಗೂ ಬರೆದೆ: ಸುಳ್ಳು ಸುದ್ದಿ, ತಪ್ಪು ನನ್ನದು.
ಮೊದಲಿನದಕ್ಕೆ ಮೂವತ್ತು ಹೆಬ್ಬೆರಳು ಎದ್ದಿದ್ದವು;
ಇದಕ್ಕೆ ಒಂದು, ಹರಿಣಾಕ್ಷ ಸರ್ ಅವರದು.
ತುಂಬಿ ಹೊರಟ ಬುಟ್ಟಿ ಖಾಲಿಯಾಗಿ ಮನೆಗೆ ಬರಲು
ಮತ್ತೂ ಹತ್ತು ದಿನ ಹಿಡಿಯಿತಂತೆ.
"ಸುಳ್ಳು ಎಕ್ಸ್‌ಪ್ರೆಸ್ಸು, ನಿಜ ಸರ್ವಿಸ್ ಬಸ್ಸು" ಅಂದಳು ವಿನಿಲ್ಡಾ,
"ಎಲ್ಲಾ ಸ್ಟಾಪಿಗೂ ನಿಲ್ತದೆ."

ಈ ವರ್ಷ ಮತ್ತೆ ಅರ್ಜಿ ತುಂಬುತ್ತಿದ್ದೇನೆ. ಎರಡು ಕ್ರೆಡಿಟ್.
ಅತಿಥಿ ಉಪನ್ಯಾಸಕರು ಎಂಬಲ್ಲಿ
ಧನ್ಯಶ್ರೀಯ ಅಮ್ಮನ ಹೆಸರು.
ವಿದ್ಯಾರ್ಹತೆ ಎಂಬಲ್ಲಿ ಸದ್ಯಕ್ಕೆ ಖಾಲಿ.
ಬೇಕಾದ ಸಾಮಗ್ರಿ: ಬಂಗುಡೆ, ಎಂಟು,
ನಾಲ್ಕು ಇವತ್ತಿನದು, ನಾಲ್ಕು ನಿನ್ನೆಯದು.
ಲೈಬ್ರರಿಯೆಲ್ಲ ನಾರುತ್ತದೆಂದು
ಆಕ್ಷೇಪ ಬಂದೇ ಬರುತ್ತದೆ.
ಬರಲಿ.