ಅರೆಬೆಂದ ಪುಸ್ತಕ

ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು ಬನ್ನಿ, ಸೆನ್ಯೋರಾ ಒಬ್ದುಲಿಯಾ.
ಕೈಗವುಸು ಬೇಡ. ಹಾಳೆಯ ಸಂಕಟ
ಬೆರಳಿಗೆ ತಿಳಿದಷ್ಟು ಬಟ್ಟೆಗೆ ತಿಳಿಯುವುದಿಲ್ಲ.
ಎಂಟು ತಾಸಿನ ಬಸ್ಸಿನ ಧೂಳು ಇನ್ನೂ ನಿಮ್ಮ ರೆಪ್ಪೆಯ ಮೇಲಿದೆ,
ನೀರು ಕುಡಿಯಿರಿ, ಆದರೆ ಅಲ್ಲಿ, ಬಾಗಿಲಾಚೆ.
ಈ ಮೇಜಿಗೆ ನೀರು ಬರುವಂತಿಲ್ಲ,
ಪಾದ್ರಿಗಳ ಕಾಫಿಯೂ.

ಇದು ದೀಕ್ಷಾಸ್ನಾನದ ಒಂಬತ್ತನೆಯ ಪುಸ್ತಕ.
ಸಾವಿರದ ಎಂಟುನೂರ ಎಂಬತ್ತೆಂಟರಿಂದ ತೊಂಬತ್ತಮೂರು.
ಪೊಸೊ ಓಂದೊದಲ್ಲಿ ಹುಟ್ಟಿ ಅತ್ತವರೆಲ್ಲ ಇದರಲ್ಲಿದ್ದಾರೆ.
ಅಳದೇ ಹೋದವರು ಇನ್ನೊಂದರಲ್ಲಿ.

ಮೂಸಿ ನೋಡಿ, ಹೆದರಬೇಡಿ.
ಗೆದ್ದಲ ವಾಸನೆಯಲ್ಲ ಅದು,
ಕಮರಿದ ಹಿಟ್ಟಿನದು.

ಪಾದ್ರಿಗಳನ್ನು ಹುಡುಕಿಕೊಂಡು ಸೈನ್ಯ ಬರುತ್ತಿದ್ದ ಕಾಲ.
ಇಗರ್ಜಿಗೆ ಬೀಗ. ಗಂಟೆಗೆ ಬಾಯಿಲ್ಲ.
ಹದಿನಾಲ್ಕು ಪುಸ್ತಕ ರಾತ್ರೋರಾತ್ರಿ ಊರಲ್ಲಿ ಹಂಚಿಹೋದವು:
ಕೆಲವು ಒಣಬಾವಿಗೆ, ಎರಡು ಹಂದಿಗೂಡಿನಡಿಗೆ,
ಒಂದು, ಆ ವಾರ ತೀರಿಕೊಂಡವಳೊಬ್ಬಳ ಶವಪೆಟ್ಟಿಗೆಯಲ್ಲಿ ತಲೆದಿಂಬಾಗಿ
(ಅದು ಇನ್ನೂ ಅಲ್ಲೇ ಇದೆ. ಅಗೆಯಲು ಯಾರೂ ಒಪ್ಪುವುದಿಲ್ಲ).
ಈ ಒಂಬತ್ತನೆಯದು ರೊಟ್ಟಿಯ ತೊಮಾಸಾಳ ಭಟ್ಟಿಗೆ.
ಗೋಧಿಯೇ ಇಲ್ಲದೆ ಅದರ ಇಟ್ಟಿಗೆ
ತಣ್ಣಗಾಗಿ ಐದು ತಿಂಗಳಾಗಿತ್ತು.

ಆಮೇಲೊಂದು ಬೆಳಗ್ಗೆ ನಲವತ್ತು ಕುದುರೆ,
ಎರಡು ಮೂಟೆ ಹಿಟ್ಟು, ಒಬ್ಬ ಸಾರ್ಜೆಂಟು:
‘ರೊಟ್ಟಿ ಸುಡು.’

ಏನು ಮಾಡಬೇಕಿತ್ತು, ನೀವೇ ಹೇಳಿ.
ಭಟ್ಟಿ ಕೆಟ್ಟಿದೆ ಎಂದರೆ ಬಗ್ಗಿ ನೋಡುತ್ತಾರೆ.
ಹಚ್ಚಿದರೆ, ಊರಿನ ಆರು ವರ್ಷದ ತೊಟ್ಟಿಲುಗಳೆಲ್ಲ ಒಳಗಿವೆ.

ಹಚ್ಚಿದಳು.
ಬಾಯಿಯ ಹತ್ತಿರ ಮಾತ್ರ, ಹಸಿ ಮೆಸ್ಕೀಟಿನ ಕಟ್ಟಿಗೆ,
ಕಣ್ಣು ತುಂಬ ಹೊಗೆ, ಹೊಟ್ಟೆಗಾಗದ ಉರಿ.
ಹಸಿಹಸಿ ರೊಟ್ಟಿ ತಿಂದು ಬೈದರು.
ಒಬ್ಬ ಬಂದೂಕಿನ ಹಿಡಿಯಿಂದ ಅವಳ ಮೂಗು ಮುರಿದ.
ಆ ಮೂಗು ನನಗೆ ಗೊತ್ತು. ನನ್ನ ಅಜ್ಜಿಯದು.
ಕೊನೆಯವರೆಗೂ ಎಡಕ್ಕೆ ವಾಲಿಕೊಂಡೇ ಇತ್ತು,
ಯಾರದೋ ಮಾತನ್ನು ನಂಬದವಳ ಹಾಗೆ.

ಈಗ ನಿಮ್ಮ ಪುಟ. ಮೆಲ್ಲಗೆ.
‘ಹುವಾನಾ ನೆಪೊಮುಸೇನಾ, ಮೂರು ದಿನದ ಕೂಸು,
ಧರ್ಮಸಮ್ಮತ ಮಗಳು—’
ಅಷ್ಟೇ. ಯಾರ ಮಗಳು ಎಂಬಲ್ಲಿಗೆ ಬೆಂಕಿ ಬಂದಿದೆ.
ಬಹಳ ಹಿಂದೆ ಫಿಲ್ಮಿಗೆ ಇಳಿಸಿಕೊಂಡು ಹೋದವರ ಸುರುಳಿಯಲ್ಲೂ
ಇಲ್ಲಿ ಕಪ್ಪೇ. ಕ್ಯಾಮರಾ ಪಾಪ,
ಬೂದಿಯನ್ನೂ ನಿಯತ್ತಾಗಿ ನಕಲು ಮಾಡಿದೆ.

ಅಳಬೇಡಿ, ಕಾಗದದ ಮೇಲೆ ಬೀಳುತ್ತದೆ.

ಬೆಂಕಿ ಹೊರಗಿನಿಂದ ಓದುತ್ತಾ ಬರುತ್ತದೆ.
ಹೊಲಿಗೆಯವರೆಗೆ ಓದಲು ಅದಕ್ಕೆ ಪುರಸೊತ್ತಾಗಲಿಲ್ಲ.
ಇನ್ನಷ್ಟು ಬಿಚ್ಚಿದರೆ ಪುಸ್ತಕದ ಬೆನ್ನು ಮುರಿಯುತ್ತದೆ,
ಅದಕ್ಕೇ ಈ ಕನ್ನಡಿ, ನನ್ನ ಪೌಡರು ಡಬ್ಬಿಯದು.
ಸಂದಿಗೆ ಹಿಡಿಯುತ್ತೇನೆ, ತಿರುವುಮುರುವಾಗಿ ಓದಿ:
ಬೇರೆ ಕೈ, ಬೇರೆ ಶಾಯಿ, ಇಪ್ಪತ್ತು ವರ್ಷ ಕಿರಿಯದು,
‘ಮದುವೆ: ಸಾಂತಾ ಕೀತೇರಿಯಾ, ಫೆಬ್ರವರಿ ೧೯೧೨.’

ಅಲ್ಲಿನ ಪಾದ್ರಿ ಆ ದಿನ ಕೇಳಿಯೇ ಇರುತ್ತಾರೆ
ಅಪ್ಪ ಯಾರು, ಅಮ್ಮ ಯಾರು ಎಂದು.
ಅವಳು ಹೇಳಿಯೇ ಇರುತ್ತಾಳೆ,
ಇದ್ದದ್ದನ್ನೋ, ಬೇಕಾದದ್ದನ್ನೋ.
ಮಂಗಳವಾರ, ಗುರುವಾರ ಮಾತ್ರ ತೆರೆಯುತ್ತಾರೆ.
ಎಪಿಫಾನಿಯೋ ಎಂಬಾತನನ್ನು ಕೇಳಿ, ಕಿವಿ ಮಂದ, ಕೂಗಿ ಹೇಳಿ.
ಆ ಕೋಣೆಯ ಸೂರು ಸೋರುತ್ತದೆ.
ಮುಂದಿನ ತಿಂಗಳು ಎನ್ನಬೇಡಿ.

ನಿಲ್ಲಿ, ನಿಮ್ಮ ತೋಳಿನ ಮೇಲೊಂದು ಕಪ್ಪು ಚೂರು.
ಕೊಡವಬೇಡಿ. ಇಲ್ಲಿ ಕೊಡಿ.
ತೆರೆದಾಗಲೆಲ್ಲ ಹೀಗೇ ಇಷ್ಟಿಷ್ಟು ಉದುರುತ್ತದೆ,
ಲಕೋಟೆಗೆ ಹಾಕಿ ತಾರೀಖು ಬರೆದಿಡುತ್ತೇನೆ.
ಹನ್ನೊಂದು ಲಕೋಟೆ ಆಗಿವೆ.
ಇದೇನೆಂದು ಹೊಸ ಪಾದ್ರಿ ಕೇಳಿದರು.
ಹೆಸರುಗಳು, ಎಂದೆ.
ನಕ್ಕರು. ಅವರಿಗೆ ಇನ್ನೂ ಚಿಕ್ಕ ವಯಸ್ಸು.