ಐದು ಸೂತಿನ ಗುಂಡು

'ಗದ್ದ ಇಲ್ಲಿ ಇಡ್ರಿ, ಹಣಿ ಪಟ್ಟಿಗೆ ಹಚ್ರಿ'
ಅಂದೆ, ದಿನಕ್ಕೆ ಅರವತ್ತು ಸಲ ಅನ್ನುವ ಹಾಗೆ.
ಭರಮಾಣಿ ಲೋಹಾರ ಕೂಡಲಿಲ್ಲ.
ಹೊಸ ಯಂತ್ರದ ಬೆನ್ನು ತಡವಿದರು, ಹಿಂದೆ ಬಗ್ಗಿ
ವೈರು ಹೋದ ದಾರಿ ನೋಡಿ ಕೇಳಿದರು:
'ಎಲ್ಲಾರ ಕಣ್ಣು ಇದು ಅಳೀತೈತಿ,
ಇದನ್ನ ಅಳಿಯೂದು ಯಾವುದು, ತಂಗಿ?'

ಉದ್ಯಮಬಾಗದಲ್ಲಿ ಮೂವತ್ತೊಂದು ವರ್ಷ
ಗೇಜ್ ರೂಮಿನ ಕೀಲಿ ಇವರ ಉಡದಾರದಲ್ಲಿತ್ತಂತೆ.
ಇವರು ಹೂಂ ಅನ್ನದೆ
ಒಂದು ಬುಶ್ಶೂ ಗೇಟು ದಾಟುತ್ತಿರಲಿಲ್ಲ.
ಈಗ ಬಲಗಣ್ಣಿಗೆ ಪೊರೆ.

ತಂಬಾಕಿನ ಡಬ್ಬಿ ತೆರೆದರು.
ತಂಬಾಕಿಲ್ಲ, ಎಣ್ಣೆ ಬಟ್ಟೆಯೊಳಗೆ ಬೇರಿಂಗಿನ ಒಂದು ಗುಂಡು.
'ಐದು ಸೂತ. ಅರ್ಧ ಮಾಡಿದ್ರ ಏಳು ಪಾಯಿಂಟ್ ತೊಂಬತ್ನಾಕು ಎಮ್ಮೆಮ್ಮು.
ನನಗ ಗೊತ್ತು, ದೇವರಿಗೆ ಗೊತ್ತು.
ನಿನ್ನ ಮಶಿನ್ನಿಗೆ ಗೊತ್ತೈತೇನ ಕೇಳೋಣು.'

ಪೆನ್ನಿನ ತುದಿಗೆ ಮೇಣ, ಮೇಣಕ್ಕೆ ಗುಂಡು,
ಪೆನ್ನನ್ನು ಹಣೆಪಟ್ಟಿಗೆ ಕಟ್ಟಿ ಗುಂಡಿ ಒತ್ತಿದೆ.
ನಲವತ್ಮೂರು.
ನಲವತ್ಮೂರು.
ನಲವತ್ಮೂರು.
'ನೋಡ್ರಿ ಕಾಕಾ, ಎಷ್ಟು ಪಕ್ಕಾ!' ಅಂದವಳು
ಗೋಡೆಯ ಕೋಷ್ಟಕದತ್ತ ತಿರುಗಿದೆ:
ಏಳು ಪಾಯಿಂಟ್ ತೊಂಬತ್ನಾಲ್ಕರ ಎದುರು
ನಲವತ್ತೆರಡೂವರೆ.

ಮೂಲೆಯಲ್ಲಿ ಗವಸು ಹೊದ್ದ ಹಳೆಯದನ್ನು ಎಳೆದೆ.
ಕೈಯಿಂದ ತಿರುವುವ ಯಂತ್ರ, ಬೆಳಕಿನ ಮೂರು ಬಳೆ,
ಕೂಡುವ ಗುರುತು ಕೂಡುವ ಗುರುತಿನ ಮೇಲೆ ಕೂರಬೇಕು.
ನಲವತ್ತೆರಡೂಕಾಲು. ನಲವತ್ತೆರಡೂಮುಕ್ಕಾಲು.
ಬೆವರಿದ ಬೆರಳು ಒರೆಸಿಕೊಂಡು ಮತ್ತೊಮ್ಮೆ: ನಲವತ್ತೆರಡೂವರೆ.

'ಇದು ತಡವರಸತೈತಿ, ಆದ್ರ ಖರೇದ ಸುತ್ತನ ತಿರಗತೈತಿ.
ಅದು ತಡವರಸೂದಿಲ್ಲ.
ಕಲಿಸಿದ ಸಾಕ್ಷಿಗತೆ ಒಂದ ಸುಳ್ಳು ಮೂರು ಸಲ ಹೇಳತೈತಿ.'
ಆಮೇಲೆ, ದನಿ ತಗ್ಗಿಸಿ,
'ಯಾವಾಗಿಂದ?'

ಶ್ರಾವಣದಲ್ಲಿ ಮೇಜು ಸರಿಸುವಾಗ
ಹಮಾಲರು ಅದನ್ನು ಒಮ್ಮೆ ಕುಕ್ಕಿದ್ದು ನೆನಪಾಯಿತು.
ಪರದೆ ಹೊತ್ತಿತ್ತು, ಅಂಕಿ ಬಂದಿತ್ತು, ಸಾಕಾಗಿತ್ತು ನಮಗೆ.
ಅರ್ಧ ಅಂಕಿ. ಅದರ ಲೆಕ್ಕಕ್ಕೇ
ಮಸೂರ ಆರಿಸಿದ್ದರು ಡಾಕ್ಟರು, ನನ್ನ ಚೀಟಿ ನಂಬಿ.

ವಡಗಾವಿಯ ಶಾಕೂಬಾಯಿ ಢವಳಿ ಮೂರು ಸಲ ಬಂದಿದ್ದಳು:
'ಮಗ್ಗದಾಗ ಎಳಿ ಹರದ್ರ ತುದಿ ಕಾಣವಲ್ದು, ಬಾಯಿ.'
'ದಿನಾ ಹೋದಂಗ ರೂಢಿ ಆಗತೈತಿ, ಅಜ್ಜಿ.'
ಮೂರು ಸಲವೂ ಅದನ್ನೇ ಹೇಳಿದ್ದೆ, ಒಂದಕ್ಷರ ಬದಲಿಸದೆ.
ಕೇಸ್ ಪೇಪರಿನಲ್ಲಿ ನನ್ನದೇ ಅಕ್ಷರ:
ರೋಗಿಗೆ ಸಮಾಧಾನ ಹೇಳಲಾಗಿದೆ.

ಕಾಕಾ ಈಗ ತಾವಾಗೇ ಗದ್ದ ಇಟ್ಟರು.
ಬಳೆಗಳು ಮೂಡಿದವು, ನಡುಗಿದವು, ಒಂದು ಬದಿ ಹರಿದವು.
'ಇದು ಉಕ್ಕಲ್ರಿ, ಮ್ಯಾಲ ನೀರಿನ ಪದರ ಐತಿ. ಮಿಟುಕಸ್ರಿ.'
ಮಿಟುಕಿಸಿದರು.
ಎರಡು ಉಸಿರಿನಷ್ಟು ಹೊತ್ತು
ಎಪ್ಪತ್ತು ವರ್ಷದ ಕಣ್ಣು
ತೊಳೆದ ಗಾಜಿನಂತೆ ನಿಂತಿತು.
ಮತ್ತೆ ಒಣಗಿತು, ಮತ್ತೆ ಹರಿಯಿತು.

'ಮೂರೂ ಬರಿ. ಚಂದ ಕಂಡದ್ದಷ್ಟ ಬರೀಬ್ಯಾಡ.'
ಬರೆದೆ.

ಗುಂಡು ಒರೆಸಿ ಡಬ್ಬಿಗೆ ಹಾಕಿ ಬಾಗಿಲವರೆಗೆ ಹೋದವರು
ತಿರುಗಿ ಬಂದು ಮೇಜಿನ ಮೇಲಿಟ್ಟರು.
'ಕಡಾ ಅಂತ ಬರಕೊ. ಆಪರೇಶನ್ ಆದಮ್ಯಾಲ ಒಯ್ತೀನಿ.
ಅಲ್ಲೀಮಟ ಮುಂಜಾನಿ ಮೊದಲನೇ ಪೇಶಂಟು ಇದ.'

ಅದು ಉರುಳದಂತೆ ರಜಿಸ್ಟರು ಅಡ್ಡ ಇಟ್ಟೆ,
ಆಮೇಲೆ ಅದೇ ರಜಿಸ್ಟರು ಬೇಕಾಯಿತು.
ಎಡಗೈಯಲ್ಲಿ ಗುಂಡು ಹಿಡಿದೇ
ಶ್ರಾವಣದಿಂದ ಹೆಸರುಗಳಿಗೆ ಗೆರೆ ಎಳೆಯುತ್ತ ಬಂದೆ.

ವಡಗಾವಿಯ ನಂಬರು ಹತ್ತಿತು.
ಮಗ್ಗಗಳ ಗದ್ದಲದೊಳಗಿಂದ
'ಯಾರ್ರೀ?' ಅಂದಳು ಶಾಕೂಬಾಯಿ.
ದವಾಖಾನಿಯಿಂದ, ಅಂದೆ.
'ಆರಾಮ ಅದೇನಿ ಬಾಯಿ, ರೂಢಿ ಆಗಾಕತ್ತೈತಿ'
ಅಂದಳು.