ಅಳತೆ ಪುಸ್ತಕ

ಶ್ರೀರಾಮಪುರದಲ್ಲಿ, ಮೆಟ್ಟಿಲ ಕೆಳಗೆ ನನ್ನ ಅಂಗಡಿ.
ಎರಡು ಮಿಷನ್ನು, ಒಂದು ಟ್ಯೂಬ್‌ಲೈಟು,
ಇಪ್ಪತ್ತೊಂಬತ್ತು ವರ್ಷದ ಅಳತೆ ಪುಸ್ತಕ.
ಬಿಸಿಲು ಬಾಗಿಲವರೆಗೆ ಬಂದು
ಚಪ್ಪಲಿ ಬಿಟ್ಟು ಅಲ್ಲೇ ಕೂರುತ್ತದೆ.

ಇಂದ್ರಾಣಿ ಟೀಚರ್ ನೈಟಿ ತಂದು ಜಗಳಕ್ಕೆ ನಿಂತರು:
"ಉದ್ದ ಹೊಲಿದಿದ್ದೀಯ, ಕಾಲಿಗೆ ತೊಡರುತ್ತೆ."
ಟೇಪು ಹಿಡಿದೆ. ಐವತ್ತೆರಡು.
ಪುಸ್ತಕದಲ್ಲೂ ಐವತ್ತೆರಡು.
ಬಟ್ಟೆ ಸುಳ್ಳು ಹೇಳಿರಲಿಲ್ಲ. ನಾನು ಹೇಳಿದೆ:
"ಒಂದು ನೀರಿಗೆ ಹಾಕಿ ಮೇಡಂ, ಕುಗ್ಗುತ್ತೆ."

ಅವರು ಹೋದಮೇಲೆ ಹಳೆಯ ಪುಟ ತಿರುವಿದೆ.
ತೊಂಬತ್ತೆಂಟರ ದೀಪಾವಳಿ ರವಿಕೆ,
ಬೆನ್ನು ಹದಿನಾಲ್ಕು, ಮುಂದೆ ಹದಿನಾಲ್ಕು.
ಎರಡು ಸಾವಿರದ ಹತ್ತರಲ್ಲಿ
ಬೆನ್ನಿಗೆ ಕಾಲಿಂಚು ಕೂಡಿಸಿದ್ದೇನೆ, ಮುಂದೆ ಕಾಲಿಂಚು ಕಳೆದಿದ್ದೇನೆ.
ಹದಿನೆಂಟರಲ್ಲಿ ಅರ್ಧ.
ನನ್ನದೇ ಕೈಬರಹ, ನನ್ನದೇ ಪೆನ್ಸಿಲು.
ಬೆನ್ನು ಬಾಗಿದರೆ ಬಟ್ಟೆಯನ್ನು ಬಾಗಿಸುವುದು ಕಸುಬು.
ಯಾಕೆ ಅಂತ ಕೇಳುವುದು ಕಸುಬಿನಲ್ಲಿರಲಿಲ್ಲ.

ಯುಗಾದಿಗೆ ಮುಂಚೆ ನೀರಿನ ಕ್ಯಾನು ಎತ್ತಿದರಂತೆ,
ಬೆನ್ನಲ್ಲಿ ಚಟ್ ಅಂದಿತಂತೆ.
ಬೀಳಲಿಲ್ಲ, ಜಾರಲಿಲ್ಲ,
ಬರೀ ಒಂದು ಕ್ಯಾನು.

ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಬಂದು
ಸ್ಟೂಲಿನ ಮೇಲೆ ಕೂತು ಪಾಠ ಮಾಡಿದರು:
"ಮೂಳೆ ಅಂದ್ರೆ ಕಲ್ಲು ಅಂದ್ಕೊಂಡಿದ್ದೆ ಕಣೇ.
ನಮ್ಮ ಐದನೇ ಮೇನ್ ರಸ್ತೆ ಅಂತೆ ಅದು.
ಅಗೆಯೋರು ಬರ್ತಾರೆ, ಹಿಂದೇನೇ ಮುಚ್ಚೋರು ಬರ್ತಾರೆ,
ದಿನಾ, ಹುಟ್ಟಿದಾಗಿಂದ.
ಮುಟ್ಟು ನಿಂತ ಮೇಲೆ
ಅಗೆಯೋರು ಬೆಳಿಗ್ಗೆ ಆರಕ್ಕೇ ಹಾಜರು,
ಮುಚ್ಚೋರಿಗೆ ಇನ್ನೂ ಟೆಂಡರೇ ಆಗಿರಲ್ಲ."
ನಕ್ಕರು. ನೋವಾಗಿ ಅರ್ಧಕ್ಕೇ ನಿಲ್ಲಿಸಿದರು.

"ಸ್ಕ್ಯಾನಿನಲ್ಲಿ ಮೈನಸ್ ಮೂರು ಬಂದಿದೆ.
ಸೊನ್ನೆಯ ಎಡಗಡೆ ಏನಿರುತ್ತೆ ಅಂತ
ಮೂವತ್ತು ವರ್ಷ ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದೆ.
ಅಲ್ಲಿ ನಾನೇ ನಿಂತಿರ್ತೀನಿ ಅಂತ ಗೊತ್ತಿರಲಿಲ್ಲ."

ವಾರಕ್ಕೊಂದು ಮಾತ್ರೆ, ಬರೀ ಹೊಟ್ಟೆಯಲ್ಲಿ.
ನುಂಗಿ ಅರ್ಧ ಗಂಟೆ ನೆಟ್ಟಗಿರಬೇಕಂತೆ.
ಹೊರಡುವಾಗ ಟ್ಯೂಬ್‌ಲೈಟು ನೋಡಿ,
"ನಿಂಗೆ ವಯಸ್ಸೆಷ್ಟೇ? ಬಿಸಿಲು ಯಾವಾಗ ಕಾಣ್ತೀಯ?"

ನೈಟಿಯ ಅಂಚು ಕತ್ತರಿಸಲಿಲ್ಲ.
ಒಂದೂವರೆ ಇಂಚು ಒಳಕ್ಕೆ ಮಡಚಿ, ಕೈಹೊಲಿಗೆ ಹಾಕಿದೆ.

ಆಮೇಲೆ ಷಟರಿಗೆ ಬೆನ್ನು ಕೊಟ್ಟು ನಿಂತೆ,
ಮುಬೀನಾ ಕೈಗೆ ಟೇಪು ಕೊಟ್ಟು.
ಹಿಮ್ಮಡಿಯಿಂದ ನೆತ್ತಿಗೆ ಹಿಡಿದಳು, ಇನ್ನೊಮ್ಮೆ ಹಿಡಿದಳು.
"ಮೊದಲು ಎಷ್ಟಿತ್ತಕ್ಕಾ?"
ಗೋಡೆಯ ತುಂಬ ಪುಸ್ತಕ.
ನನ್ನದು ಎಲ್ಲೂ ಬರೆದಿಲ್ಲ.